ಕಾಳಜಿ ಕೇಂದ್ರ ಮುಚ್ಚಿದ ಮರುದಿನ ಎಲ್ಲಿಗೆ ಹೋಗುವುದು? ಹೊಳೆಸಾಲಿನ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಲಪ್ರಭಾ ದಂಡೆಯ ಜಿಲ್ಲೆಗಳ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ವಿಷಯ: ನೆರೆ ಬಂದಾಗ ಜನ ಎಲ್ಲಿ ಉಳಿಯಬೇಕು, ಮನೆ ಕಟ್ಟಿಕೊಳ್ಳುವವರೆಗೆ ಎಲ್ಲಿರಬೇಕು ಎಂಬುದನ್ನು ಮಳೆಗಾಲಕ್ಕೆ ಮೊದಲೇ ಗೊತ್ತುಮಾಡುವ ಬಗ್ಗೆ.

ಮಾನ್ಯರೇ,

ನಾನು ಮಲಪ್ರಭಾ ದಂಡೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿದ್ದೆ. ಈಗ ನಿವೃತ್ತಳಾಗಿದ್ದೇನೆ. ಕೆಲಸದಲ್ಲಿದ್ದಾಗ ಹೀಗೆ ಬರೆಯಲು ಧೈರ್ಯ ಬರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಊರಿನ ಹೆಸರು, ಆಗಿದ್ದ ಅಧಿಕಾರಿಗಳ ಹೆಸರು ಇಲ್ಲಿ ಬರೆಯುತ್ತಿಲ್ಲ. ಅವರಲ್ಲಿ ಹಲವರು ನಮ್ಮ ಜೊತೆ ನಿದ್ದೆಗೆಟ್ಟವರು. ನಾನು ಕಂಡದ್ದು ನನ್ನ ಊರಿನದು ಮಾತ್ರವೂ ಅಲ್ಲ. ರಾಮದುರ್ಗ, ನರಗುಂದ, ಬಾದಾಮಿ, ರೋಣ ತಾಲ್ಲೂಕುಗಳ ಹೊಳೆಸಾಲಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

2019ರ ಆಗಸ್ಟ್. ನಾಗರ ಪಂಚಮಿ ಮುಗಿದು ಎರಡು ಮೂರು ದಿನ ಆಗಿತ್ತು. ಹಬ್ಬಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಇನ್ನೂ ಊರಲ್ಲೇ ಇದ್ದರು. ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿ ಬಿಚ್ಚಿರಲಿಲ್ಲ. ಡಬ್ಬಿಗಳಲ್ಲಿ ಶೇಂಗಾ ಉಂಡಿ ಉಳಿದಿದ್ದವು. ಖಾನಾಪುರದ ಕಡೆ ಮಳೆ ಬಿಟ್ಟಿಲ್ಲ, ನವಿಲುತೀರ್ಥ ಡ್ಯಾಮು ತುಂಬಿದೆ, ನೀರು ಬಿಡುತ್ತಾರೆ ಎಂದು ಸುದ್ದಿ ಬಂತು. ಡಂಗುರವನ್ನೂ ಸಾರಿದರು. ಆದರೆ ಎಷ್ಟು ನೀರು, ಎಷ್ಟು ಹೊತ್ತಿಗೆ, ಯಾವ ಓಣಿಯವರು ಎಲ್ಲಿಗೆ ಹೋಗಬೇಕು ಎಂದು ಡಂಗುರದಲ್ಲಿ ಇರಲಿಲ್ಲ. "ಎತ್ತರದ ಜಾಗಕ್ಕೆ ಹೋಗಿ" ಎಂದಷ್ಟೇ ಇತ್ತು. ನಮ್ಮೂರಲ್ಲಿ ಎತ್ತರದ ಜಾಗ ಅಂದರೆ ಶಾಲೆಯ ದಿಬ್ಬ ಒಂದೇ.

ನಡುರಾತ್ರಿ ನನ್ನ ಬಾಗಿಲು ಬಡಿದರು. "ಅಕ್ಕೋರ, ಸಾಲಿ ಕೀಲಿ ಕೊಡ್ರಿ. ನೀರು ಅಗಸಿ ದಾಟಿತು." ನನ್ನ ಮನೆ ಮೇಲಿನ ಓಣಿಯಲ್ಲಿತ್ತು, ಅಲ್ಲಿಗೆ ನೀರು ಬರಲಿಲ್ಲ. ಕೀಲಿ ಹಿಡಿದು ಓಡಿದೆ. ಬೆಳಗಾಗುವಷ್ಟರಲ್ಲಿ ಆರು ಕೋಣೆಯೂ ತುಂಬಿದ್ದವು. ಹಾಳೆ ಸಿಗದೆ ಆರನೇ ತರಗತಿಯ ಹಾಜರಿ ಪುಸ್ತಕದ ಹಿಂದಿನ ಪುಟಗಳಲ್ಲಿ ಹೆಸರು ಬರೆಯಲು ಶುರು ಮಾಡಿದೆ. ಯಾರು, ಯಾವ ಓಣಿ, ಎಷ್ಟು ಜನ, ಎಷ್ಟು ದನ, ಮನೆಯಲ್ಲಿ ಹಾಸಿಗೆ ಹಿಡಿದವರು ಇದ್ದಾರಾ, ಬಸುರಿ ಬಾಣಂತಿ ಇದ್ದಾರಾ. ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಅದರ ಲೆಕ್ಕದಂತೆ ಮೂರನೇ ದಿನ ಶಾಲೆಯಲ್ಲಿ 234 ಜನ ಇದ್ದರು.

ನೆರೆ ಬಂದಾಗ ಜನರನ್ನು ಇರಿಸುವ ಇಂಥ ಜಾಗವನ್ನು ಮೊದಲು ಗಂಜಿ ಕೇಂದ್ರ ಎನ್ನುತ್ತಿದ್ದರು. ಈಗ ಕಾಳಜಿ ಕೇಂದ್ರ ಎನ್ನುತ್ತಾರೆ. ಹೆಸರು ಬದಲಾದದ್ದು ನನಗೆ ಇಷ್ಟವೇ. ಮನೆ ಕಳೆದುಕೊಂಡು ಬಂದವರಿಗೆ ಗಂಜಿ ಕುಡಿಯಲು ಬಂದವರು ಅನ್ನಿಸಬಾರದು. ಆದ್ದರಿಂದಲೇ ಆ ಹೆಸರಿನ ಅಳತೆಯಲ್ಲೇ ಕೇಳುತ್ತಿದ್ದೇನೆ.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಇಂಥ ಕೇಂದ್ರಗಳಿಗೆ ಕನಿಷ್ಠ ಮಟ್ಟ ಏನಿರಬೇಕೆಂದು ಬರೆದಿಟ್ಟಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 12ನೇ ಕಲಮಿನ ಪ್ರಕಾರ ಬರೆದದ್ದು ಅದು. ಒಬ್ಬೊಬ್ಬರಿಗೂ ಮೂರೂವರೆ ಚದರ ಮೀಟರ್ ಜಾಗ ಇರಬೇಕು. 30 ಜನರಿಗೆ ಒಂದು ಶೌಚಾಲಯ, ಹೆಂಗಸರಿಗೆ ಬೇರೆ. ಇದು ನನಗೆ ಆಗ ಗೊತ್ತಿರಲಿಲ್ಲ, ಎಷ್ಟೋ ತಿಂಗಳ ಮೇಲೆ ಓದಿದೆ. ಓದಿದ ದಿನವೇ ಟೇಪು ಹಿಡಿದು ನನ್ನ ಶಾಲೆಯ ಕೋಣೆ ಅಳೆದೆ. 20 ಅಡಿ ಉದ್ದ, 20 ಅಡಿ ಅಗಲ. ಅಂದರೆ ಸುಮಾರು 37 ಚದರ ಮೀಟರ್. ಒಂದು ಕೋಣೆಗೆ ಹತ್ತು ಜನ. ಆರು ಕೋಣೆಗೆ ಅರವತ್ತು. ನಾವು ಒಂದೊಂದು ಕೋಣೆಯಲ್ಲಿ ನಲವತ್ತರ ಹತ್ತಿರ ಜನರನ್ನು ಮಲಗಿಸಿದ್ದೆವು. ಎಂಟು ಶೌಚಾಲಯ ಬೇಕಿತ್ತು. ಇದ್ದದ್ದು ಎರಡು, ಅವೂ ಚಿಕ್ಕ ಮಕ್ಕಳ ಅಳತೆಯವು. ಬಾಗಿಲು ನನ್ನ ಎದೆಯವರೆಗೆ ಬರುತ್ತಿತ್ತು.

ಹೆಂಗಸರು ನಾಲ್ಕು ಗಂಟೆಗೆ ಎದ್ದು, ಕತ್ತಲು ಹರಿಯುವ ಮೊದಲೇ ಎಲ್ಲ ಮುಗಿಸಿಕೊಳ್ಳುತ್ತಿದ್ದರು. ಹಗಲು ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ಮುಟ್ಟಾದ ಹುಡುಗಿಯರು ನನ್ನ ಹತ್ತಿರ ಬಂದು ಸುಮ್ಮನೆ ನಿಲ್ಲುತ್ತಿದ್ದರು, ಬಾಯಿ ಬಿಡುತ್ತಿರಲಿಲ್ಲ. ಕೋಣೆಯ ಮೂಲೆಯಲ್ಲಿ ಎರಡು ಸೀರೆ ಕಟ್ಟಿ ಮರೆ ಮಾಡಿದೆವು. ಪಂಚಮಿಗೆಂದು ತವರಿಗೆ ಬಂದಿದ್ದ ಒಬ್ಬ ಬಾಣಂತಿ ಆ ಮರೆಯ ಹಿಂದೆ ಒಂಬತ್ತು ದಿನ ಕಳೆದಳು. ಬಕ್ರೀದ್ ಬಂತು, ಸ್ವಾತಂತ್ರ್ಯ ದಿನವೂ ಬಂತು, ಎಲ್ಲ ಅಲ್ಲೇ ಆಯಿತು. ಊಟಕ್ಕೆ ಮಾತ್ರ ಯಾವತ್ತೂ ಕೊರತೆ ಆಗಲಿಲ್ಲ. ಎಲ್ಲೆಲ್ಲಿಂದಲೋ ಟ್ರ್ಯಾಕ್ಟರ್, ಟೆಂಪೊಗಳಲ್ಲಿ ರೊಟ್ಟಿ, ಚಟ್ನಿ, ಅಕ್ಕಿ, ಚಾದರ ಬಂದವು. ಹೆಸರು ಕೂಡ ಹೇಳದೆ ಇಳಿಸಿ ಹೋದವರನ್ನು ನಾವು ಮರೆತಿಲ್ಲ. ಆದರೆ ರೊಟ್ಟಿಯ ಹಾಗೆ ಶೌಚಾಲಯವನ್ನು ಯಾರೂ ಟೆಂಪೊದಲ್ಲಿ ತಂದು ಇಳಿಸಲು ಆಗುವುದಿಲ್ಲ. ಅದನ್ನು ಮೊದಲೇ ಕಟ್ಟಿಟ್ಟಿರಬೇಕು.

ದನಗಳ ಮಾತು ಹೇಳದಿದ್ದರೆ ಈ ಪತ್ರ ಪೂರ್ತಿ ಆಗುವುದಿಲ್ಲ. ಎಮ್ಮೆ, ಎತ್ತು ಬಿಟ್ಟು ನಮ್ಮ ಜನ ಎಲ್ಲಿಗೂ ಬರುವುದಿಲ್ಲ. ಹೇಳಿದರೆ ಕೇಳುವುದಿಲ್ಲ ಎಂದು ಅಧಿಕಾರಿಗಳು ಬೇಸರ ಮಾಡಿಕೊಂಡದ್ದನ್ನು ಕಂಡಿದ್ದೇನೆ. ಆದರೆ ಒಂದು ಜೋಡಿ ಎತ್ತು ಹೋದರೆ ಆ ಮನೆ ಮತ್ತೆ ಎದ್ದು ನಿಲ್ಲಲು ಎಷ್ಟು ವರ್ಷ ಬೇಕು, ಯೋಚನೆ ಮಾಡಿ. ಶಾಲೆಯ ಅಂಗಳದಲ್ಲಿ ಜಾಗ ಇರಲಿಲ್ಲ, ಮೇವೂ ಇರಲಿಲ್ಲ. ಹಾಗಾಗಿ ಹೆಂಗಸರು ಮಕ್ಕಳು ಶಾಲೆಯಲ್ಲಿ, ಗಂಡಸರು ರಸ್ತೆ ಮೇಲೆ. ಟ್ರ್ಯಾಕ್ಟರ್ ಟ್ರೇಲರಿಗೆ ತಾಡಪಾಲು ಕಟ್ಟಿಕೊಂಡು, ಚಕ್ರಕ್ಕೆ ದನ ಕಟ್ಟಿ, ಮಳೆಯಲ್ಲಿ ದಿನಗಟ್ಟಲೆ ಕೂತರು. ಅವರನ್ನು ಯಾವ ಪಟ್ಟಿಯಲ್ಲೂ ಬರೆದುಕೊಳ್ಳಲಿಲ್ಲ. ಕಾಳಜಿ ಕೇಂದ್ರದೊಳಗೆ ಇರಲಿಲ್ಲ ಎಂಬುದೇ ಕಾರಣ.

ಇಷ್ಟೆಲ್ಲ ಕಷ್ಟ ಆದರೂ ಆ ದಿನಗಳ ಬಗ್ಗೆ ನನ್ನ ದೂರು ದೊಡ್ಡದಲ್ಲ. ನೀರು ಬಂದಾಗ ಎಲ್ಲರೂ ಓಡಿ ಬರುತ್ತಾರೆ. ದೋಣಿ ಬರುತ್ತದೆ, ಕ್ಯಾಮೆರಾ ಬರುತ್ತದೆ, ಮಂತ್ರಿಗಳೂ ಬರುತ್ತಾರೆ. ನನ್ನ ದೂರು ಇರುವುದು ಹದಿನೇಳನೇ ದಿನದ ಬಗ್ಗೆ.

ಹದಿನೇಳನೇ ದಿನ ಫೋನ್ ಬಂತು. ನೀರು ಇಳಿದಿದೆ, ಪಾಠ ಶುರುವಾಗಬೇಕು, ಶಾಲೆ ಖಾಲಿ ಮಾಡಿಸಿ ಎಂದರು. ಮಾತು ತಪ್ಪಲ್ಲ. ನನ್ನ ಮಕ್ಕಳ ಓದು ನಿಂತು ಎರಡು ವಾರದ ಮೇಲಾಗಿತ್ತು, ನನಗೂ ಶಾಲೆ ಶುರುವಾಗಬೇಕಿತ್ತು. ಆದರೆ ಖಾಲಿ ಮಾಡಿ ಎಲ್ಲಿಗೆ ಎಂದು ಕೇಳಿದೆ. "ಅವರವರ ಮನೆಗೆ" ಎಂದರು. ಮನೆ ಎಲ್ಲಿತ್ತು?

ನಾನೇ ಕೋಣೆ ಕೋಣೆಗೆ ಹೋಗಿ ಹೇಳಿದೆ. ಯಾರೂ ಜಗಳ ಮಾಡಲಿಲ್ಲ. ಚಾದರ ಮಡಚಿದರು, ನೆಲ ಗುಡಿಸಿದರು, ಬೆಂಚುಗಳನ್ನು ಮೊದಲಿದ್ದಂತೆ ಸಾಲಾಗಿ ಇಟ್ಟರು. ಒಬ್ಬ ಅಜ್ಜಿ ಕಸಬರಿಗೆಯನ್ನು ಬಾಗಿಲ ಹಿಂದೆ ಇಟ್ಟು, "ಹೊಂಟೇವ್ರಿ ಅಕ್ಕೋರ" ಎಂದಳು. ಎಲ್ಲಿಗೆ ಎಂದು ಕೇಳುವ ಧೈರ್ಯ ನನಗೆ ಆಗಲಿಲ್ಲ. ಅವರನ್ನು ಹೊರಗೆ ಕಳಿಸಿದವಳು ನಾನೇ. ಇಷ್ಟು ವರ್ಷ ಆದರೂ ಅದು ನನ್ನನ್ನು ಬಿಟ್ಟಿಲ್ಲ.

ಮಾನ್ಯರೇ, ನಮ್ಮ ಕಡೆಯ ಹಳೆಯ ಮನೆಗಳು ಮಣ್ಣಿನ ಗೋಡೆಯವು, ಮೇಲೂ ಮಣ್ಣಿನ ಮಾಳಿಗೆ. ಇಂಥ ಗೋಡೆ ನೀರಿನಲ್ಲಿ ನಿಂತಾಗಲೇ ಬೀಳುತ್ತದೆ ಎಂದು ದೂರದವರು ತಿಳಿಯುತ್ತಾರೆ. ಕೆಲವು ಹಾಗೆ ಬೀಳುತ್ತವೆ. ಆದರೆ ಎಷ್ಟೋ ಗೋಡೆಗಳು ನೀರು ಇಳಿದು ಬಿಸಿಲು ಬಿದ್ದ ಮೇಲೆ ಬೀಳುತ್ತವೆ. ಬುಡ ಹಸಿಯಾಗಿ ಮೆತ್ತಗಾಗಿರುತ್ತದೆ, ಮೇಲೆ ಮಾಳಿಗೆಯ ಭಾರ ಇರುತ್ತದೆ. ಒಣಗುತ್ತ ಒಣಗುತ್ತ ಬಿರುಕು ಬಿಡುತ್ತದೆ, ಒಂದು ರಾತ್ರಿ ಕುಸಿಯುತ್ತದೆ. ಜನರನ್ನು ಮನೆಗೆ ಹೋಗಿ ಎಂದು ಕಳಿಸಿದ್ದು ಸರಿಯಾಗಿ ಇದೇ ಹೊತ್ತಿನಲ್ಲಿ.

ಸರ್ವೆ ನಡೆದದ್ದೂ ಇದೇ ಹೊತ್ತಿನಲ್ಲಿ. ಮನೆ ಪೂರ್ತಿ ಹೋಗಿದ್ದರೆ ಎ, ಜಾಸ್ತಿ ಹಾಳಾಗಿದ್ದರೆ ಬಿ, ಸ್ವಲ್ಪ ಹಾಳಾಗಿದ್ದರೆ ಸಿ. ಪೂರ್ತಿ ಹೋದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಎಂದಿತು. ಆಗ ಕೇಂದ್ರದ ವಿಪತ್ತು ಪರಿಹಾರದ ದರ ಬಯಲು ಸೀಮೆಯ ಮನೆಗೆ 95,100 ರೂಪಾಯಿ ಇತ್ತು. ರಾಜ್ಯ ಸರ್ಕಾರ ತನ್ನ ಕೈಯಿಂದ ಅಷ್ಟು ಜಾಸ್ತಿ ಸೇರಿಸಿದ್ದು ದೊಡ್ಡ ಮಾತು. ಸಿ ಮನೆಗೆ 50,000. ಕಸಬರಿಗೆ ಇಟ್ಟು ಹೋದಳು ಎಂದೆನಲ್ಲ, ಆ ಅಜ್ಜಿಯ ಮನೆಯ ಗೋಡೆ ಸರ್ವೆಯ ದಿನ ನಿಂತಿತ್ತು. ಸಿ ಎಂದು ಬರೆದುಕೊಂಡು ಹೋದರು. ಹನ್ನೊಂದು ದಿನದ ಮೇಲೆ ಪಡಸಾಲೆಯ ಗೋಡೆ ಜಂತಿ ಸಮೇತ ಕೂತಿತು. ಪುಣ್ಯಕ್ಕೆ ಅಜ್ಜಿ ಆ ರಾತ್ರಿ ಮಗಳ ಊರಲ್ಲಿದ್ದಳು. ಅರ್ಜಿ ನಾನೇ ಬರೆದುಕೊಟ್ಟೆ, ಫೋಟೊ ಅಂಟಿಸಿದೆ. ಕಂಪ್ಯೂಟರಿನಲ್ಲಿ ಒಮ್ಮೆ ಹಾಕಿದ ಮೇಲೆ ಬದಲಾಯಿಸಲು ಬರುವುದಿಲ್ಲ ಎಂದರು. ಅಕ್ಟೋಬರಿನಲ್ಲಿ ಹೊಳೆ ಮತ್ತೆ ಬಂತು. ಉಳಿದ ಗೋಡೆಗಳೂ ಹೋದವು. ಕಾಗದದಲ್ಲಿ ಮಾತ್ರ ಅದು ಸಿ ಆಗಿಯೇ ಉಳಿಯಿತು.

ಹಾಗಾದರೆ ಮನೆ ಕಟ್ಟುವವರೆಗೆ ಜನ ಎಲ್ಲಿದ್ದರು? ತಿಂಗಳಿಗೆ 5,000 ರೂಪಾಯಿಯಂತೆ ಹತ್ತು ತಿಂಗಳ ಬಾಡಿಗೆ ಕೊಡುತ್ತೇವೆ ಎಂದು ಸರ್ಕಾರ ಹೇಳಿತ್ತು. ಒಳ್ಳೆಯ ಮಾತು. ಆದರೆ ನಮ್ಮಂಥ ಊರಲ್ಲಿ ಬಾಡಿಗೆ ಮನೆ ಎಂಬುದೇ ಇಲ್ಲ. ಶಿಕ್ಷಕರಿಗೆ, ನರ್ಸಮ್ಮನಿಗೆ ಅಂತ ಮೂರೋ ನಾಲ್ಕೋ ಇರುತ್ತವೆ. ಪೇಟೆಗೆ ಹೋದರೆ ಮನೆ ಇದೆ, ಆದರೆ ದನ ಕಟ್ಟುವವರಿಗೆ ಯಾರೂ ಕೊಡುವುದಿಲ್ಲ. ಮುಂಗಡ ಕೇಳುತ್ತಾರೆ, ಜಾತಿಯನ್ನೂ ಕೇಳುತ್ತಾರೆ. ಪೇಟೆಯಲ್ಲಿದ್ದು ಹೊಲದ ಕೆಲಸ ಮಾಡುವುದು ಹೇಗೆ, ಮಗುವನ್ನು ಯಾವ ಶಾಲೆಗೆ ಕಳಿಸುವುದು? ಬಾಡಿಗೆ ಹಣ ಕೈಗೆ ಬರುವ ಹೊತ್ತಿಗೆ ಚಳಿಗಾಲ ಶುರುವಾಗಿತ್ತು.

ಅದಕ್ಕೆ ಜನ ಸಿಕ್ಕಲ್ಲಿ ಸೇರಿದರು. ಗುಡಿಯ ಪೌಳಿಯಲ್ಲಿ ಮೂರು ಕುಟುಂಬ. ಹಳೆಯ ಗೋದಾಮಿನಲ್ಲಿ ಐದು. ಬಸ್ ನಿಲ್ದಾಣದ ತಂಗುದಾಣಕ್ಕೆ ತಟ್ಟು ಕಟ್ಟಿಕೊಂಡು ಒಬ್ಬ ಮುದುಕ, ಮುದುಕಿ. ನನ್ನ ಮನೆಯ ಪಡಸಾಲೆಯಲ್ಲಿ ಎರಡು ಕುಟುಂಬ ಏಳು ತಿಂಗಳು ಇದ್ದವು. ನನಗೆ ಅದು ಭಾರ ಅನ್ನಿಸಲಿಲ್ಲ, ಸಂಬಳ ಇತ್ತು. ಆದರೆ ಕೂಲಿ ಮಾಡುವವರೂ ತಮ್ಮ ಎರಡು ಅಂಕಣದ ಮನೆಯಲ್ಲಿ ನೆಂಟರಿಗೆ ಜಾಗ ಕೊಟ್ಟಿದ್ದರು. ಒಂದು ಒಲೆ, ಒಂದು ಕೊಡ ನೀರು, ಹನ್ನೆರಡು ಜನ. ನಮ್ಮ ಕಡೆ ನೆರೆ ಬಂದಾಗ ತುಂಬಾ ಜನರನ್ನು ಉಳಿಸುವುದು ಕಾಳಜಿ ಕೇಂದ್ರಕ್ಕಿಂತ ಹೀಗೆ ಬಾಗಿಲು ತೆರೆದ ಮನೆಗಳೇ. ಅವರಿಗೆ ಒಂದು ಕಿಲೋ ಅಕ್ಕಿಯೂ ಜಾಸ್ತಿ ಸಿಗಲಿಲ್ಲ. ನೆಂಟರ ಮನೆಗೆ ಹೋದವರು ಕೇಂದ್ರದ ಪಟ್ಟಿಯಲ್ಲಿಲ್ಲ ಎಂದು ಕೆಲವರಿಗೆ ತುರ್ತು ಪರಿಹಾರದ 10,000 ರೂಪಾಯಿಗೂ ಅಲೆದಾಟ ಆಯಿತು.

ಆಮೇಲೆ ತಗಡಿನ ಶೆಡ್ ಬಂದವು. ಕಟ್ಟಿಸಿದ್ದಕ್ಕೆ ಕೃತಜ್ಞತೆ ಇದೆ. ಆದರೆ ತಗಡನ್ನು ಯಾರ ಊರಿನ ಬಿಸಿಲು ನೋಡಿ ಆರಿಸಿದರು? ಗೋಡೆಗೂ ತಗಡು, ಮೇಲೂ ತಗಡು. ಮಾರ್ಚ್ ಏಪ್ರಿಲ್‌ನಲ್ಲಿ ಮಧ್ಯಾಹ್ನ ಒಳಗೆ ಕೂರಲು ಆಗುವುದಿಲ್ಲ. ಮಳೆ ಬಂದರೆ ಒಳಗೆ ಮಾತು ಕೇಳಿಸುವುದಿಲ್ಲ. ಮಕ್ಕಳು ಓದಲು ಶೆಡ್ ಬಿಟ್ಟು ಬೇವಿನ ಗಿಡದ ಕೆಳಗೆ ಬರುತ್ತಿದ್ದರು. 2020ರ ಮಾರ್ಚಿನಲ್ಲಿ ಕೊರೊನಾ ಬಂತು. ಸಿಮೆಂಟು, ಗೌಂಡಿ, ಮರಳು ಎಲ್ಲ ನಿಂತಿತು. ತಳಪಾಯದ ಫೋಟೊ ಆಗದೆ ಮುಂದಿನ ಕಂತು ಬರುವುದಿಲ್ಲ, ಕೈಯಲ್ಲಿ ಹಣ ಇಲ್ಲದೆ ತಳಪಾಯ ಏಳುವುದಿಲ್ಲ. ಎಲ್ಲರೂ ಮನೆಯೊಳಗೇ ಇರಿ ಎಂದು ಮೈಕಿನಲ್ಲಿ ಸಾರುತ್ತಿದ್ದಾಗ ನನ್ನ ಶಾಲೆಯ ಮಕ್ಕಳು ಆ ತಗಡಿನ ಒಳಗೆ ಬೇಯುತ್ತಿದ್ದರು. ಬಾಡಿಗೆಯ ಹತ್ತು ತಿಂಗಳೂ ಆ ಬೇಸಿಗೆಯ ಕೊನೆಗೇ ಮುಗಿದವು. ಮನೆ ಮುಗಿದಿರಲಿಲ್ಲ.

ಇನ್ನೊಂದು ಮಾತು. ನನ್ನ ಹಾಜರಿ ಪುಸ್ತಕದಲ್ಲಿ 38 ಮನೆಗಳಿವೆ, 52 ಒಲೆಗಳಿವೆ. ಅಜ್ಜನ ಹೆಸರಿನಲ್ಲಿ ಒಂದೇ ಉತಾರ, ಅಂದರೆ ಮನೆಯ ಮಾಲೀಕತ್ವದ ಕಾಗದ; ಒಳಗೆ ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡಿದ್ದಾರೆ. ವಾಟ್ನಿ (ಆಸ್ತಿ ಪಾಲು) ಆಗಿ ಇಪ್ಪತ್ತು ವರ್ಷ ಆಗಿದ್ದರೂ ಕಾಗದ ಬದಲಾಗಿರುವುದಿಲ್ಲ. ಹಳ್ಳಿಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಪರಿಹಾರ ಬರುವುದು ಉತಾರಕ್ಕೆ. ಬಾಡಿಗೆ ಹಣವೂ ಉತಾರಕ್ಕೆ, ಶೆಡ್ಡೂ ಉತಾರಕ್ಕೆ. ಹತ್ತು ಅಡಿಯ ಒಂದು ಶೆಡ್ಡಿನಲ್ಲಿ ಮೂರು ಸಂಸಾರ ಇರುವುದು ಹೇಗೆ? ಗಂಡ ಸತ್ತ ಮೇಲೆ ಮೈದುನನ ಮನೆಯ ಒಂದು ಕೋಣೆಯಲ್ಲಿ ಬದುಕುತ್ತಿದ್ದ ಹೆಣ್ಣುಮಗಳಿಗೆ ಏನೂ ಸಿಗಲಿಲ್ಲ. ಬಾಡಿಗೆಗೆ ಇದ್ದವರಿಗೂ ಅಷ್ಟೇ. ಮನೆಯ ಬೆಲೆ ಮಾಲೀಕರಿಗೆ ಹೋಗಲಿ, ಅದು ಸರಿ. ಆದರೆ ತಲೆಯ ಮೇಲೆ ಸೂರು ಬೇಕಾದದ್ದು ಅಲ್ಲಿ ಮಲಗುತ್ತಿದ್ದವರಿಗೆ ಅಲ್ವಾ? ತಾತ್ಕಾಲಿಕ ವಸತಿಯನ್ನು ಉತಾರ ನೋಡಿ ಕೊಡಬೇಡಿ. ಒಲೆ ಎಣಿಸಿ ಕೊಡಿ. ಪಡಿತರ ಚೀಟಿ ನೋಡಿದರೂ ಸಾಕು, ಅದರಲ್ಲಿ ಸಂಸಾರ ಎಷ್ಟು ಎಂದು ಗೊತ್ತಾಗುತ್ತದೆ.

ನೆರೆ ನಮಗೆ ಹೊಸದಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಬಂದದ್ದನ್ನು ಇಡೀ ಉತ್ತರ ಕರ್ನಾಟಕ ಕಂಡಿದೆ. ಆಗ ದಾನಿಗಳೂ ಸರ್ಕಾರವೂ ಸೇರಿ ಆಸರೆ ಮನೆಗಳನ್ನು ಕಟ್ಟಿಸಿದರು. ಹೊಳೆಯಿಂದ ದೂರ, ಎತ್ತರದ ಜಾಗದಲ್ಲಿ. ಹತ್ತು ವರ್ಷದ ಮೇಲೆ ಎಷ್ಟೋ ಕಡೆ ಆ ಮನೆಗಳು ಖಾಲಿ ಇದ್ದವು, ಸುತ್ತ ಜಾಲಿಕಂಟಿ ಬೆಳೆದಿತ್ತು. ಮನೆ ಕೊಟ್ಟರೂ ಜನ ಹೋಗಲಿಲ್ಲ, ಹಳೆ ಊರನ್ನೇ ಹಿಡಿದು ಕೂತರು ಎಂದು ಬೈಯುವವರನ್ನು ಕೇಳಿದ್ದೇನೆ. ಏಕೆ ಹೋಗಲಿಲ್ಲ ಎಂದು ನಾನು ಹೇಳುತ್ತೇನೆ. ಹೊಲ ದೂರ ಆಯಿತು. ದನ ಕಟ್ಟಲು ಜಾಗ ಇಲ್ಲ, ಮೇವಿನ ಬಣವಿ ಒಟ್ಟಲು ಹಿತ್ತಲಿಲ್ಲ, ಜೋಳದ ಚೀಲ ಇಡಲು ಮೂಲೆ ಇಲ್ಲ. ಕೆಲವು ಕಡೆ ನೀರು, ಕರೆಂಟು ಬರಲಿಲ್ಲ. ಹಕ್ಕುಪತ್ರ ಕೈಗೆ ಸಿಗಲಿಲ್ಲ. ನನ್ನದು ಎನ್ನಲು ಕಾಗದವೇ ಇಲ್ಲದ ಮನೆಗೆ ಯಾರು ಕಿಟಕಿ ಹಾಕಿಸುತ್ತಾರೆ?

2019ರಲ್ಲಿ ನೀರು ಬಂದ ರಾತ್ರಿ ನಮ್ಮ ಪಕ್ಕದ ಊರಿನವರು ಓಡಿದ್ದು ಆ ಖಾಲಿ ಆಸರೆ ಮನೆಗಳಿಗೇ. ಬಾಗಿಲಿಲ್ಲದ ಮನೆಗೆ ತಾಡಪಾಲು ಕಟ್ಟಿ ಮಲಗಿದರು. ಆ ಗೋಡೆಗಳು ಗಟ್ಟಿ ಇದ್ದವು, ಜಾಗ ಎತ್ತರದಲ್ಲಿತ್ತು. ಇದನ್ನು ನೋಡಿದ ಮೇಲೆ ನನಗೆ ಒಂದು ಯೋಚನೆ ಬಂದಿದೆ, ನಿಮ್ಮ ಮುಂದೆ ಇಡುತ್ತೇನೆ. ನಿಮ್ಮ ಜಿಲ್ಲೆಯಲ್ಲಿ ಇಂಥ ಖಾಲಿ ಮನೆ ಎಷ್ಟಿವೆ ಎಂದು ಎಣಿಸಿ. ಮಾಲೀಕರ ಒಪ್ಪಿಗೆ ಪಡೆದು ಬಾಗಿಲು, ಕಿಟಕಿ, ನೀರು, ಕರೆಂಟು ಹಾಕಿಸಿ. ಪಕ್ಕದಲ್ಲೇ ದನಕ್ಕೆ ಒಂದು ಚಪ್ಪರ ಎಬ್ಬಿಸಿ. ಹೊಸ ತಗಡಿಗೆ ಹಾಕುವ ಹಣದಲ್ಲಿ ಇವು ಮನೆಗಳಾಗುತ್ತವೆ. ಮಳೆಗಾಲದಲ್ಲಿ ನೆರೆ ಬಂದರೆ ಜನ ನೇರ ಅಲ್ಲಿಗೆ ಹೋಗಬಹುದು, ತಮ್ಮ ಮನೆ ಎದ್ದ ಮೇಲೆ ಬಿಡಬಹುದು. ಹಕ್ಕುಪತ್ರ ಬಾಕಿ ಇದ್ದವರಿಗೆ ಅದನ್ನೂ ಜೊತೆಗೇ ಕೊಟ್ಟುಬಿಡಿ.

ಬೇರೆಯವರು ಏನು ಮಾಡಿದರು ಎಂದೂ ನೋಡಿದ್ದೇನೆ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಇದೇ ರಾಜ್ಯ ಸರ್ಕಾರ ಹೊಸ ಮನೆ ಸಿಗುವವರೆಗೆ ತಿಂಗಳಿಗೆ 10,000 ರೂಪಾಯಿ ಬಾಡಿಗೆ ಕೊಡಲು ಒಪ್ಪಿತು. ಕರ್ಣಂಗೇರಿ, ಮದೆನಾಡು, ಜಂಬೂರಿನಲ್ಲಿ ಒಳ್ಳೆಯ ಮನೆಗಳೂ ಎದ್ದವು. ಕೊಡಗಿನವರಿಗೆ ಸಿಕ್ಕಿದ್ದು ಜಾಸ್ತಿ ಆಯಿತು ಎಂದು ನಾನು ಯಾವತ್ತೂ ಹೇಳುವುದಿಲ್ಲ, ಅವರ ನೋವು ದೊಡ್ಡದು. ಅಲ್ಲಿ ಮಾತು ಇದ್ದದ್ದು "ಮನೆ ಸಿಗುವವರೆಗೆ" ಎಂದು. ನಮಗೆ ಹೇಳಿದ್ದು "ಹತ್ತು ತಿಂಗಳು" ಎಂದು. ಕಾಲು ಮುರಿದವನಿಗೆ ಮೂಳೆ ಕೂಡುವವರೆಗೆ ಕೋಲು ಬೇಕು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಜಾರಿದಾಗಲೂ ಶಾಲೆಗಳೇ ಆಶ್ರಯ ಆದವು. ಕೇರಳ ಸರ್ಕಾರ ತಿಂಗಳಿಗೆ 6,000 ರೂಪಾಯಿ ಬಾಡಿಗೆ ಗೊತ್ತುಮಾಡಿ ಜನರನ್ನು ಶಾಲೆಯಿಂದ ಬಾಡಿಗೆ ಮನೆಗಳಿಗೆ ಕಳಿಸಿತು. ಅಲ್ಲಿಯೂ ಕೊರತೆ ಇರಬಹುದು. ಆದರೆ ಶಾಲೆ ಖಾಲಿ ಮಾಡಿ ಎನ್ನುವ ಮೊದಲು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯನ್ನು ಕೇಳಿಕೊಂಡರು. ನಾನು ಬೇಡುತ್ತಿರುವುದು ಆ ಪ್ರಶ್ನೆಯನ್ನು.

ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ನೀವೇ ಅಧ್ಯಕ್ಷರು. ವಿಪತ್ತಿನ ಹೊತ್ತಿನಲ್ಲಿ ಬೇಕಾದ ಕಟ್ಟಡವನ್ನು ವಶಕ್ಕೆ ತೆಗೆದುಕೊಳ್ಳುವ ಅಧಿಕಾರವನ್ನು ಅದೇ ಕಾಯ್ದೆಯ 65ನೇ ಕಲಮು ಕೊಡುತ್ತದೆ. ಮಾಲೀಕರಿಗೆ ಹಣ ಕೊಡುವ ಮಾತು 66ರಲ್ಲಿದೆ. ಹಾಗಿದ್ದ ಮೇಲೆ ಪ್ರತಿ ಸಲ ಶಾಲೆಯ ಬಾಗಿಲನ್ನೇ ಏಕೆ ಬಡಿಯಬೇಕು? ಹತ್ತಿರದ ಪೇಟೆಯಲ್ಲಿ ಕಲ್ಯಾಣ ಮಂಟಪಗಳಿವೆ. ಸಮುದಾಯ ಭವನಗಳಿವೆ, ಎಪಿಎಂಸಿ ಗೋದಾಮುಗಳಿವೆ. ಮಠಗಳು ಕೇಳಿದರೆ ಇಲ್ಲ ಎನ್ನುವುದಿಲ್ಲ. ಯಾವ ಊರಿನ ಯಾವ ಓಣಿಯವರು ಯಾವ ಕಟ್ಟಡಕ್ಕೆ ಹೋಗಬೇಕು, ಕೀಲಿ ಯಾರ ಹತ್ತಿರ ಇರುತ್ತದೆ ಎಂಬ ಪಟ್ಟಿಯನ್ನು ಮೇ ತಿಂಗಳಲ್ಲೇ ಪಂಚಾಯ್ತಿಯ ಗೋಡೆಗೆ ಹಚ್ಚಿ. ಡಂಗುರ ಸಾರುವಾಗ ಆ ಕಟ್ಟಡದ ಹೆಸರನ್ನೇ ಹೇಳಿಸಿ. ಶಾಲೆಯೇ ಗತಿ ಎನ್ನುವ ಊರಲ್ಲಿ ದೊಡ್ಡವರ ಅಳತೆಯ ಶೌಚಾಲಯ, ಬಚ್ಚಲು ಈಗಲೇ ಕಟ್ಟಿಸಿ. ನೆರೆ ಬಾರದ ವರ್ಷ ಅವು ಊರಿಗೆ ಉಪಯೋಗ ಆಗುತ್ತವೆ. ಒಡಿಶಾದಲ್ಲಿ 1999ರ ಚಂಡಮಾರುತದ ನಂತರ ಕರಾವಳಿಯಲ್ಲಿ ಕಂಬಗಳ ಮೇಲೆ ಎಬ್ಬಿಸಿದ ಆಶ್ರಯ ಕಟ್ಟಡಗಳನ್ನು ಉಳಿದ ದಿನ ಶಾಲೆಯಾಗಿ ಬಳಸುತ್ತಾರೆ. ಹೊಳೆಸಾಲಿಗೂ ಅಂಥವು ಕೆಲವು ಬೇಕು.

ಸರ್ವೆಯ ಬಗ್ಗೆ ಒಂದೇ ಬೇಡಿಕೆ. ನೀರು ಇಳಿದ ಕೂಡಲೇ ಒಂದು ಸಲ, ಮೂವತ್ತು ದಿನದ ಮೇಲೆ ಮತ್ತೊಂದು ಸಲ ಮಾಡಿಸಿ. ಎರಡನೆಯದರಲ್ಲಿ ಸಿ ಇದ್ದದ್ದು ಎ ಆಗಿದ್ದರೆ ಎ ಎಂದೇ ಬರೆಯಲು ಗ್ರಾಮ ಆಡಳಿತ ಅಧಿಕಾರಿಗಳಿಗೆ ಅಧಿಕಾರ ಕೊಡಿ. ಅಲ್ಲಿಯವರೆಗೆ ಮಣ್ಣಿನ ಗೋಡೆಯ ಮನೆಗೆ ಯಾರನ್ನೂ ಮಲಗಲು ಕಳಿಸಬೇಡಿ. ಇದಕ್ಕೆ ಹೆಚ್ಚು ಹಣವೇನೂ ಬೇಕಾಗಿಲ್ಲ.

ಬಾಡಿಗೆ ಹಣದ ಮೊದಲ ಕಂತು ಕಾಳಜಿ ಕೇಂದ್ರದಿಂದ ಹೊರಡುವ ದಿನ ಕೈಯಲ್ಲಿರಬೇಕು. ಮನೆಯ ಕೊನೆಯ ಕಂತು ಬರುವವರೆಗೆ ಅದು ನಿಲ್ಲಬಾರದು. ಬಾಡಿಗೆ ಮನೆ ಸಿಗದ ಊರಲ್ಲಿ, ನೆಂಟರಿಗೆ ಜಾಗ ಕೊಟ್ಟ ಮನೆಗೇ ಆ ಹಣ ಹೋಗಲಿ. ಜಾಗ ಕೊಟ್ಟವರಿಗೆ ಕೈ ತುಂಬಿದರೆ ಜಾಗ ಪಡೆದವರ ತಲೆಯೂ ತಗ್ಗುವುದಿಲ್ಲ. ಆ ಏಳು ತಿಂಗಳಲ್ಲಿ ನನ್ನ ಪಡಸಾಲೆಯಲ್ಲಿದ್ದ ಹೆಣ್ಣುಮಗಳು ದಿನಾ ನಾನು ಏಳುವ ಮೊದಲೇ ಅಂಗಳ ಗುಡಿಸಿ, ಪಾತ್ರೆ ತೊಳೆದು ಇಡುತ್ತಿದ್ದಳು. ಬೇಡ ಎಂದರೆ ಕೇಳುತ್ತಿರಲಿಲ್ಲ. ಹಂಗಿನಲ್ಲಿದ್ದೇನೆ ಎಂಬ ಸಂಕಟ ಅದು. ಒಂದು ದಿನ ನಾನು ಮೊದಲು ಎದ್ದು ಅಂಗಳ ಗುಡಿಸಿದ್ದಕ್ಕೆ ಅಳುತ್ತ ಕೂತಳು.

ಮಾನ್ಯರೇ, 2019ರ ನಂತರವೂ ಹೊಳೆ ದಂಡೆ ಮೀರಿದೆ. ಮುಂದೆಯೂ ಮೀರುತ್ತದೆ. ಮಳೆಗಾಲಕ್ಕೆ ಮೊದಲು ನೀವು ಪ್ರತಿ ವರ್ಷ ಮುನ್ನೆಚ್ಚರಿಕೆ ಸಭೆ ಮಾಡುತ್ತೀರಿ. ದೋಣಿ ಎಷ್ಟಿವೆ, ಮರಳಿನ ಚೀಲ ಎಷ್ಟಿವೆ, ಈಜುಗಾರರು ಎಷ್ಟು ಎಂದು ಕೇಳುತ್ತೀರಿ. ಈ ಸಲದ ಸಭೆಗೆ ಹೊಳೆಸಾಲಿನ ಪ್ರತಿ ಊರಿನಿಂದ ಇಬ್ಬರನ್ನು ಕರೆಯಿರಿ, ಅವರಲ್ಲಿ ಒಬ್ಬರು ಹೆಂಗಸಾಗಿರಲಿ. ಹದಿನೇಳನೇ ದಿನ ಇವರು ಎಲ್ಲಿರುತ್ತಾರೆ ಎಂದು ಪಿಡಿಒ, ತಹಶೀಲ್ದಾರರನ್ನು ಅವರ ಎದುರಿಗೇ ಕೇಳಿ. ಉತ್ತರ ಸಭೆಯ ನಡಾವಳಿಯಲ್ಲಿ ದಾಖಲಾಗಲಿ.

ಕರೆದರೆ ನಾನೂ ಬರುತ್ತೇನೆ. ಆರನೇ ತರಗತಿಯ ಆ ಹಾಜರಿ ಪುಸ್ತಕವನ್ನು ತರುತ್ತೇನೆ. 38 ಮನೆ, 52 ಒಲೆ, ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರಿಗೆ ಎಷ್ಟು ದನ ಎಂಬುದೆಲ್ಲ ಅದರಲ್ಲಿದೆ. ಕೆಲವರು ಈಗ ಇಲ್ಲ, ಕೆಲವು ಮಕ್ಕಳು ದೊಡ್ಡವರಾಗಿದ್ದಾರೆ. ಊರಿನ ಹುಡುಗಿಯರನ್ನು ಕೂರಿಸಿಕೊಂಡು ಅದನ್ನು ಈ ವಾರ ಹೊಸದಾಗಿ ಬರೆಸುತ್ತಿದ್ದೇನೆ. ಮೇ ಮುಗಿಯುವುದರೊಳಗೆ ಒಂದು ಪ್ರತಿ ನಿಮ್ಮ ಕಚೇರಿಗೆ ತಲುಪುತ್ತದೆ.

ಇಂತಿ ನಮಸ್ಕಾರಗಳೊಂದಿಗೆ,

ಹೊಳೆಸಾಲಿನ ಒಂದು ಸರ್ಕಾರಿ ಶಾಲೆಯ ನಿವೃತ್ತ ಮುಖ್ಯ ಶಿಕ್ಷಕಿ